ಅವರ ಪರವಾಗಿ ನಾನು ಹೊದ್ದ ಶಾಲು

ಕಳೆದ ಜನವರಿಯಲ್ಲಿ ಬಲ್ಮಠದ ಒಂದು ಸಭಾಂಗಣದಲ್ಲಿ ನನಗೆ ಪ್ರಶಸ್ತಿ ಬಂತು. ಅಭಿನಂದಿಸಲು ಹೊರಡಬೇಡಿ, ನನ್ನದಲ್ಲ :-) ನಮ್ಮ ನೆರೆಮನೆಯ ಬಣ್ಣದ ವೇಷಧಾರಿಯೊಬ್ಬರದ್ದು. ಆ ದಿನ ಅವರ ಮೇಳದ ಆಟ ಬೇರೆ ಊರಲ್ಲಿ ಇತ್ತು. "ನೀನು ಹೇಗೂ ಪೇಟೆಯಲ್ಲಿ ಇರ್ತಿಯಲ್ಲ, ಹೋಗಿ ತಕ್ಕೊಂಡು ಬಾ ಮಾರಾಯ" ಅಂದರು. ಹೋದೆ.

ಏನೋ ಒಂದು ಕಟ್ಟು ಕೈಗೆ ಕೊಟ್ಟು ಕಳಿಸುತ್ತಾರೆ ಅಂದುಕೊಂಡಿದ್ದೆ. ಇಲ್ಲ! ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ಒಂದು ಹೆಜ್ಜೆ ಕುಣಿಯಲು ಬಾರದ ನಾನು ಹಲ್ಲು ಬಿಟ್ಟು ಫೋಟೋಕ್ಕೆ ನಿಂತೆ. ಅದೇ ಹೊತ್ತಿಗೆ ಅವರು ಎಲ್ಲೋ ಚೌಕಿಯಲ್ಲಿ ಕೂತು ಮುಖಕ್ಕೆ ಚಿಟ್ಟಿ ಇಡುತ್ತಿದ್ದಿರಬೇಕು. "ಪುರಸ್ಕೃತರು ಬಾರದ ಕಾರಣ, ಸಮಯದ ಅಭಾವದಿಂದ..." ಅಂತ ನಿರೂಪಕರು ಅಭಿನಂದನಾ ಪತ್ರ ಓದದೆ ಮುಂದಿನ ಹೆಸರಿಗೆ ಹಾರಿದರು. ಮುಖ್ಯ ಅತಿಥಿಗಳ ಭಾಷಣಕ್ಕೆ ಮಾತ್ರ ಸಮಯದ ಅಭಾವ ಇರಲಿಲ್ಲ.

ನನಗೆ ಸಿಟ್ಟು ಬಂದದ್ದು ಆ "ಬಾರದ ಕಾರಣ" ಎಂಬ ಮಾತಿಗೆ. ಅವರು ಬಾರದೇ ಉಳಿದದ್ದಲ್ಲ ಸ್ವಾಮಿ, ಅವರು ಬರಲಾಗದ ದಿನವನ್ನು ನೀವು ಇಟ್ಟದ್ದು! ಮೇಳಗಳು ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಗೆಜ್ಜೆ ಬಿಚ್ಚುವುದು ಪತ್ತನಾಜೆಗೆ, ಮೇ ಕೊನೆಯಲ್ಲಿ. ನಮ್ಮ ಕರಾವಳಿಯಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಇಡೀ ರಾತ್ರಿ ಆಟ ಆದರೆ ಬಣ್ಣದ ವೇಷದ ಪ್ರವೇಶ ಸಾಮಾನ್ಯವಾಗಿ ನಡುರಾತ್ರಿ ದಾಟಿದ ಮೇಲೆ. ಸಂಜೆ ಸಭೆಗೆ ಮುಖ ತೋರಿಸಿ ಓಡಬಹುದಿತ್ತು. ಈಗ ಹಲವು ಮೇಳಗಳದ್ದು ಕಾಲಮಿತಿಯ ಆಟ, ಸಭೆ ಶುರುವಾಗುವ ಹೊತ್ತಿಗೆ ಅವರು ಚೌಕಿಯಲ್ಲಿ ಇರಬೇಕು. ಇದನ್ನೆಲ್ಲ ಯಕ್ಷಗಾನಕ್ಕೇ ಪ್ರಶಸ್ತಿ ಕೊಡುವವರಿಗೆ ನಾನು ಹೇಳಿಕೊಡಬೇಕಾ?

ಎದುರಿಗಿಲ್ಲದವರನ್ನು ಗೌರವಿಸಬಾರದು ಅಂತ ನಾನು ಹೇಳುತ್ತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೋಡಿ, 10ನೆಯ ಶತಮಾನದ್ದು. ಗಂಗರ ಬೂತುಗ ಮೆಚ್ಚಿ "ಏನು ಬೇಕು" ಅಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಆ ನಾಯಿಗೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಅದು ಮಾಡಿದ್ದೇನು ಅಂತ ಕಲ್ಲಿನ ಮೇಲೇ ಕೊರೆದರು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲಿ ಅಂತಲೂ ಬರೆದರು. (ಕಲಾವಿದರನ್ನು ನಾಯಿಗೆ ಹೋಲಿಸಿದೆ ಅಂತ ಜಗಳಕ್ಕೆ ಬರಬೇಡಿ!) ಸತ್ತ ನಾಯಿಗೆ ಅಷ್ಟು ವಿವರ ಬರೆದ ಕನ್ನಡದಲ್ಲಿ ಬದುಕಿರುವ ಕಲಾವಿದನ ಒಂದು ಪುಟ ಓದಲು ಪುರುಸೊತ್ತಿಲ್ಲ.

ಭೀಮಸೇನ ಜೋಶಿಯವರಿಗೆ ಭಾರತರತ್ನವನ್ನು 2009ರಲ್ಲಿ ಪುಣೆಯ ಅವರ ಮನೆಗೇ ಹೋಗಿ ಕೊಟ್ಟರು. ನಮ್ಮ ಹರೇಕಳ ಹಾಜಬ್ಬರ ಪದ್ಮಶ್ರೀ 2020ರ ಜನವರಿಯಲ್ಲಿ ಘೋಷಣೆ ಆದದ್ದು, ಕೊರೊನಾದಿಂದಾಗಿ ಅವರು ದೆಹಲಿಗೆ ಹೋಗಿ ತೆಗೆದುಕೊಂಡದ್ದು 2021ರ ನವೆಂಬರಿನಲ್ಲಿ. ರಾಷ್ಟ್ರಪತಿ ಭವನ ಕಾಯುತ್ತದೆ. ಬಲ್ಮಠ ಕಾಯುವುದಿಲ್ಲ, ಯಾಕೆಂದರೆ ಇಲ್ಲಿ ಮೊದಲು ಕೇಳುವುದು ಅತಿಥಿಗಳ ಡೇಟು.

ಮಳೆಗಾಲದಲ್ಲಿ ಇಡಿ. ಆಗಲೂ ಕೆಲವರು ಮುಂಬೈ, ಬೆಂಗಳೂರು ಅಂತ ಹೋಗುತ್ತಾರೆ, ಆದರೂ ಒಂದು ಫೋನು ಮಾಡಿದರೆ ದಿನ ಸಿಗುತ್ತದೆ. ಇಲ್ಲವೇ ಅವರ ಆಟದ ಬಯಲಿಗೇ ಹೋಗಿ ಕೊಡಿ. ಆಟದ ನಡುವೆ ಸನ್ಮಾನ ಇಟ್ಟರೆ ರಸಭಂಗ ಅಂತ ಬೈದವರಲ್ಲಿ ನಾನೂ ಒಬ್ಬ. ಆ ಮಾತನ್ನು ಈಗ ವಾಪಸು ತೆಗೆದುಕೊಂಡಿದ್ದೇನೆ. ಅದೂ ಆಗದಿದ್ದರೆ ಶಾಲನ್ನು ಖಾಲಿ ಕುರ್ಚಿಗೆ ಹೊದಿಸಿ ಪತ್ರವನ್ನು ಪೂರ್ತಿ ಓದಿ. ನನ್ನಂಥವನಿಗೆ ಪೇಟ ಇಡಬೇಡಿ.

ಮರುದಿನ ಬೆಳಿಗ್ಗೆ ಎಲ್ಲವನ್ನೂ ಅವರ ಮನೆಗೆ ಮುಟ್ಟಿಸಿದೆ. ರಾತ್ರಿಯ ಆಟ ಮುಗಿಸಿ ಬಂದು ಜಗಲಿಯಲ್ಲಿ ಚಾ ಕುಡಿಯುತ್ತಿದ್ದರು. "ಎಂತ ಬರೆದಿದ್ದಾರೆ, ಓದು ನೋಡುವ" ಅಂದರು. ಓದಿದೆ. ಎರಡನೇ ಸಾಲಿನಲ್ಲೇ "ಹೆಸರಾಂತ ಸ್ತ್ರೀವೇಷಧಾರಿಗಳಾದ" ಅಂತ ಇತ್ತು! ಜೀವಮಾನವಿಡೀ ರಾಕ್ಷಸನಾಗಿ ಅಬ್ಬರಿಸಿದ ಮನುಷ್ಯ. ಸಭೆಯಲ್ಲಿ ಓದಿದ್ದರೆ ಯಾರಾದರೂ ಅಲ್ಲೇ ತಡೆಯುತ್ತಿದ್ದರು.

ಅವರು ಜೋರಾಗಿ ನಗಾಡಿದರು. ಅಕ್ಕ, ಅವರ ಹೆಂಡತಿ, ನಗಲಿಲ್ಲ. ಚಾದ ಲೋಟ ತೆಗೆದುಕೊಂಡು ಒಳಗೆ ಹೋದರು. ಆ ಫ್ರೇಮು ಈಗ ಅವರ ಮನೆಯ ಅಟ್ಟದಲ್ಲಿ ಉಂಟು.