ಮನೆಯ ಆರೋಗ್ಯ: ಮೂರು ಕಾಸಿನ ಕುದುರೆ

ರಕ್ತದ ಸಕ್ಕರೆಯನ್ನು ಮನೆಯಲ್ಲಿಯೇ ನೋಡಿಕೊಳ್ಳಲು ಗ್ಲೂಕೋಮೀಟರ್ ಕೊಳ್ಳಹೊರಟವರು ಮೊದಲು ಕೇಳುವುದು ‘ಯಂತ್ರಕ್ಕೆಷ್ಟು?’ ಎಂದು. ಕೇಳಬೇಕಾದುದು ‘ಸ್ಟ್ರಿಪ್ಪಿಗೆಷ್ಟು?’ ಎಂದು. ಯಂತ್ರವನ್ನು ಒಮ್ಮೆ ಕೊಂಡರಾಯಿತು. ಸ್ಟ್ರಿಪ್ಪಾದರೋ ಪ್ರತಿ ಪರೀಕ್ಷೆಗೂ ಹೊಸದು ಬೇಕು. ಒಂದು ಯಂತ್ರಕ್ಕೆ ಇನ್ನೊಂದರ ಸ್ಟ್ರಿಪ್ ಒಗ್ಗುವುದೂ ಇಲ್ಲ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂದರೆ ಇದೇ.

ಲೆಕ್ಕ ಹಾಕಿ ನೋಡೋಣ. ಒಂದು ಯಂತ್ರಕ್ಕೆ 500 ರೂಪಾಯಿ, ಅದರ ಸ್ಟ್ರಿಪ್ಪಿಗೆ 24 ಎಂದಿಟ್ಟುಕೊಳ್ಳಿರಿ. ಇನ್ನೊಂದಕ್ಕೆ 1,000, ಸ್ಟ್ರಿಪ್ಪಿಗೆ 14. ದಿನಕ್ಕೊಂದು ಪರೀಕ್ಷೆಯಾದರೆ ಮೊದಲ ವರ್ಷದಲ್ಲಿ ‘ಅಗ್ಗದ’ ಯಂತ್ರಕ್ಕೆ 9,260 ರೂಪಾಯಿ, ‘ದುಬಾರಿ’ಯದಕ್ಕೆ 6,110 ಖರ್ಚು. 2025ರ ಸೆಪ್ಟೆಂಬರ್ 22ರಿಂದ ಎರಡರ ಮೇಲೂ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲನ್ನು ನೋಡಿ ತೆಗೆದುಕೊಳ್ಳಿರಿ.

ಇದು ಬರಿಯ ಹಣದ ಮಾತಲ್ಲ. ಸ್ಟ್ರಿಪ್ ದುಬಾರಿಯಾದರೆ ಮನೆಯ ಹಿರಿಯರು ‘ಇವತ್ತು ಬೇಡ, ನಾಳೆ ನೋಡೋಣ’ ಎನ್ನುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆ ‘ನಾಳೆ’ ಅಪಾಯದ್ದು. ಸಕ್ಕರೆ 70ಕ್ಕಿಂತ ಕೆಳಗಿಳಿದುದು ತಿಳಿಯದೆ ಹೋದರೆ ಎಚ್ಚರ ತಪ್ಪುವವರೆಗೂ ಹೋದೀತು.

ಊರಿನಲ್ಲಿರುವ ತಂದೆತಾಯಿಗಳಿಗೆಂದು ಪುಣೆಯಲ್ಲೋ ಮುಂಬಯಿಯಲ್ಲೋ ಯಂತ್ರ ಕೊಂಡು ಕಳಿಸುವವರು ನಮ್ಮಲ್ಲಿ ಬಹಳ. ಕಳಿಸುವ ಮುನ್ನ ಅದರ ಸ್ಟ್ರಿಪ್ ಊರಿನ ಔಷಧದ ಅಂಗಡಿಯಲ್ಲಿ ದೊರೆಯುವುದೇ ಎಂದು ವಿಚಾರಿಸಿರಿ. ಇಲ್ಲವಾದರೆ ಮೊದಲ ಡಬ್ಬಿ ಮುಗಿದ ದಿನವೇ ಯಂತ್ರ ಕಪಾಟು ಸೇರೀತು. ಅಂಕಿಗಳು ದೊಡ್ಡದಾಗಿ ಕಾಣುವಂಥದನ್ನೇ ಆರಿಸಿರಿ.

ಇನ್ನು ನಂಬಿಕೆಯ ಮಾತು. ಪೆಟ್ಟಿಗೆಯ ಮೇಲೋ ಕೈಪಿಡಿಯಲ್ಲೋ ಐ.ಎಸ್.ಒ. 15197:2013 ಎಂದಿದೆಯೇ ನೋಡಿರಿ. ಆ ಮಾನದಂಡದಂತೆ ನೂರಕ್ಕೆ 95 ಸಲವಾದರೂ ಯಂತ್ರದ ಅಂಕಿಗೂ ಲ್ಯಾಬಿನ ಅಂಕಿಗೂ ಇರುವ ಅಂತರ, ಸಕ್ಕರೆ 100ಕ್ಕಿಂತ ಕಡಿಮೆಯಿದ್ದಾಗ 15 ಅಂಕಿಗಳನ್ನೂ, ಅದಕ್ಕೆ ಮೇಲಿದ್ದಾಗ ಶೇಕಡಾ 15ನ್ನೂ ಮೀರಬಾರದು. ಲ್ಯಾಬಿನಲ್ಲಿ 140, ಮನೆಯಲ್ಲಿ 150 ಬಂದರೆ ಗಾಬರಿ ಬೇಡ.

ಒಳ್ಳೆಯ ಯಂತ್ರವೂ ನಮ್ಮ ಅಜಾಗರೂಕತೆಯಿಂದ ಸುಳ್ಳು ಹೇಳೀತು. ಮಾವಿನಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ನೋಡಿದರೆ ಅಂಕಿ ಏರುತ್ತದೆ; ಕೈ ತೊಳೆದು, ಒರಸಿಕೊಂಡು, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿರಿ. ಒಬ್ಬರ ಸೂಜಿಯನ್ನು ಇನ್ನೊಬ್ಬರು ಮುಟ್ಟಕೂಡದು. ಮುಂಬಯಿ, ಚೆನ್ನೈಗಳ ತೇವದ ಗಾಳಿಗೆ ಸ್ಟ್ರಿಪ್ ಕೆಡುವುದರಿಂದ ಡಬ್ಬಿಯ ಮುಚ್ಚಳವನ್ನು ಕೂಡಲೇ ಹಾಕತಕ್ಕದ್ದು. ಕೆಲವು ಬಗೆಯವನ್ನು ತೆರೆದ 3 ತಿಂಗಳೊಳಗೆ ಮುಗಿಸಬೇಕು. ವಾರಕ್ಕೆರಡು ಸಲ ನೋಡುವವರು 50ರ ಡಬ್ಬಿ ಕೊಂಡರೆ ಅರ್ಧ ದಂಡ, 25ರದೇ ಸಾಕು.

ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಇದು ಬದಲಲ್ಲ. ತಿಂಗಳಿಗೆ ಎಷ್ಟು ಸಲ ನೋಡಬೇಕೆಂದು ಮೊದಲು ವೈದ್ಯರನ್ನು ಕೇಳಿರಿ. ಆ ಸಂಖ್ಯೆಯನ್ನು ಸ್ಟ್ರಿಪ್ಪಿನ ಬೆಲೆಯಿಂದ ಗುಣಿಸಿ, ತಿಂಗಳ ಖರ್ಚಿನ ಪಟ್ಟಿಯಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆಯಿರಿ. ಅಂಗಡಿಗೆ ಹೋಗುವುದು ಆಮೇಲೆ.