ಸಾಲ ಇಂಗಾಲದ್ದು, ಬಡ್ಡಿ ನೀರಾವಿಯದು

ಹವಾಮಾನ ಬದಲಾವಣೆಯ ಚರ್ಚೆ ಎಲ್ಲೇ ನಡೆಯಲಿ, ಒಂದು ತಕರಾರು ತಪ್ಪದೆ ಏಳುತ್ತದೆ: ‘ಭೂಮಿಯನ್ನು ಬೆಚ್ಚಗಿಡುವ ಅನಿಲಗಳಲ್ಲಿ ನೀರಾವಿಯದೇ ಸಿಂಹಪಾಲು. ಹಾಗಿದ್ದ ಮೇಲೆ ಕಲ್ಲಿದ್ದಲು, ಡೀಸೆಲ್ ಹೊಗೆಯನ್ನು ಯಾಕೆ ದೂರಬೇಕು?’

ಮೊದಲ ಮಾತು ನಿಜ. ಹಸಿರುಮನೆ ಪರಿಣಾಮದಲ್ಲಿ ಹೆಚ್ಚುಕಡಿಮೆ ಅರ್ಧ ನೀರಾವಿಯದು. ಕಾರ್ಬನ್ ಡೈಆಕ್ಸೈಡಿನದು ಐದರಲ್ಲೊಂದು ಪಾಲು. ತಪ್ಪಿರುವುದು ಎರಡನೆಯ ಮಾತಿನಲ್ಲಿ.

ಉಷ್ಣವಿದ್ಯುತ್ ಸ್ಥಾವರದ ಕೂಲಿಂಗ್ ಟವರ್‌ನಿಂದ ಬೆಳ್ಳಗೆ ಏಳುವ ಹಬೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಹೀಗೆ ವಾತಾವರಣ ಸೇರಿದ ನೀರಾವಿ ಸರಾಸರಿ ಒಂಬತ್ತು–ಹತ್ತು ದಿನಗಳಲ್ಲಿ ಮಳೆಯೋ ಹಿಮವೋ ಆಗಿ ಇಳಿದುಬಿಡುತ್ತದೆ. ಪಕ್ಕದ ಚಿಮಣಿಯಿಂದ ಹೊರಡುವ ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣದು, ಅದರ ಗಣನೀಯ ಪಾಲು ಶತಮಾನಗಟ್ಟಲೆ ಅಲ್ಲೇ ಉಳಿಯುತ್ತದೆ. ಗಾಳಿ ಬಿಸಿಯಾಗುವುದು ಅದರಿಂದ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯಲ್ಲಿ ಸುಮಾರು ಶೇ 7ರಷ್ಟು ಹೆಚ್ಚು ಆವಿಗೆ ಜಾಗವಾಗುತ್ತದೆ; ಆ ಆವಿ ಇನ್ನಷ್ಟು ಶಾಖವನ್ನು ಹಿಡಿದಿಡುತ್ತದೆ. ಸಾಲ ಇಂಗಾಲದ್ದು, ಬಡ್ಡಿ ಆವಿಯದು. ಬಡ್ಡಿ ಸೇರಿದರೆ ತಾಪ ಹೆಚ್ಚುಕಡಿಮೆ ಇಮ್ಮಡಿ.

ಈ ಲೆಕ್ಕಕ್ಕೆ ಪ್ರಕೃತಿಯೇ ಒಮ್ಮೆ ಪರೀಕ್ಷೆ ಒಡ್ಡಿತು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು, ಒಂದೂವರೆ ಕೋಟಿ ಟನ್ನಿಗೂ ಮಿಕ್ಕ ಸಲ್ಫರ್ ಡೈಆಕ್ಸೈಡನ್ನು ಸ್ತರಗೋಳಕ್ಕೆ ಚಿಮ್ಮಿಸಿತು. ಅದರಿಂದ ಹುಟ್ಟಿದ ಸೂಕ್ಷ್ಮ ಕಣಗಳು ಬಿಸಿಲಿಗೆ ತೆರೆ ಕಟ್ಟಿದವು. ಭೂಮಿಯ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಇಳಿಯಿತು. ಜೊತೆಗೆ ಗಾಳಿಯ ನೀರಾವಿಯೂ ತಗ್ಗಿದ್ದನ್ನು ಉಪಗ್ರಹಗಳು ಅಳೆದವು. ವಿಜ್ಞಾನಿ ಬ್ರಯಾನ್ ಸೋಡೆನ್ ಮತ್ತು ಸಂಗಡಿಗರು ಈ ಘಟನೆಯನ್ನು ಕಂಪ್ಯೂಟರ್ ಮಾದರಿಯಲ್ಲಿ ಮರುಸೃಷ್ಟಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಆವಿಯ ಪಾತ್ರವನ್ನು ಬಿಟ್ಟು ಲೆಕ್ಕ ಹಾಕಿದಾಗ, ನಿಜವಾಗಿ ಆದಷ್ಟು ತಂಪು ಬರಲೇ ಇಲ್ಲ. ಸೇರಿಸಿದ ಮೇಲೆ ಲೆಕ್ಕ ತಾಳೆಯಾಯಿತು.

ಅಂದರೆ ಆವಿ ತಾನಾಗಿ ಹೆಜ್ಜೆ ಇಡುವುದಿಲ್ಲ, ಉಷ್ಣಾಂಶ ಹೋದ ಕಡೆಗೆ ಹೋಗುತ್ತದೆ. ಪಿನಾಟುಬೊ ತಂಪು ಮಾಡಿತು, ಆವಿ ಆ ತಂಪನ್ನು ಹೆಚ್ಚಿಸಿತು. ಮನುಷ್ಯನ ಹೊಗೆ ಬಿಸಿ ಮಾಡುತ್ತಿದೆ, ಆವಿ ಆ ಬಿಸಿಯನ್ನು ಹೆಚ್ಚಿಸುತ್ತಿದೆ. ದಿನಗಟ್ಟಲೆ ಹಂಚಿ ಸುರಿಯಬೇಕಾದ ಮಳೆ ಗಂಟೆಗಳಲ್ಲಿ ಬೀಳುವುದಕ್ಕೂ, ಬೆವರು ಆರದ ಸೆಖೆಯ ರಾತ್ರಿಗಳಿಗೂ ಇದೇ ಹೆಚ್ಚುವರಿ ತೇವ ಇಂಬು ಕೊಡುತ್ತದೆ.

ಭೂಮಿಯ ಮೈಯ ಶೇ 70ಕ್ಕೂ ಹೆಚ್ಚು ಭಾಗ ಸಮುದ್ರವಿರುವಾಗ, ಆವಿಯನ್ನೇ ನೇರವಾಗಿ ತಡೆಯುವ ಮಾತು ಕೈಗೆಟುಕುವಂಥದ್ದಲ್ಲ. ತಡೆಯಬಹುದಾದದ್ದು ಚಿಮಣಿಯನ್ನು. ಹೊಸ ಕಲ್ಲಿದ್ದಲು ಸ್ಥಾವರಕ್ಕೆ ಮಂಜೂರಾತಿ ಕೊಡುವವರು ಅದು ಉಗುಳುವ ಇಂಗಾಲದ ಜೊತೆಗೆ, ಆ ಇಂಗಾಲ ಸಮುದ್ರದಿಂದ ಎಬ್ಬಿಸುವ ಆವಿಯ ತಾಪವನ್ನೂ ಅದೇ ಸ್ಥಾವರದ ಖಾತೆಗೆ ಬರೆಯಬೇಕು.