ದಾಲಾನಿಗೂ ಉಸಿರು ಬೇಕು



ಕಲಬುರಗಿಯಲ್ಲಿ ನಮ್ಮ ಮನೆಯಿರುವುದು ಐವಾನ್-ಎ-ಶಾಹಿ ಪ್ರದೇಶದಲ್ಲಿ. ನಿಜಾಮರ ಕಾಲದ ಅತಿಥಿಗೃಹದಿಂದ ಬಂದ ಹೆಸರಿದು. ಉರ್ದುವಿನಲ್ಲಿ ಐವಾನ್ ಎಂದರೆ ಅರಮನೆ; ಕಟ್ಟಡ ಕಟ್ಟುವವರ ಮಾತಿನಲ್ಲಿ ಮೂರು ಕಡೆ ಗೋಡೆಯಿದ್ದು ಮುಂಭಾಗ ತೆರೆದಿರುವ ಹಜಾರ. ನಮ್ಮ ಹಿತ್ತಲ ದಾಲಾನ್ ಕೂಡ ಹಿಂದೆ ಹಾಗೆಯೇ ಇತ್ತಂತೆ. ಪರ್ದಾಕ್ಕೆಂದು ಮಾವನವರು ಮುಂದೆಯೂ ಗೋಡೆ ಎಬ್ಬಿಸಿ ಮೇಲೆ ಪತ್ರಾ ಹೊದಿಸಿದರು. ಆಮೇಲೆ ಒಳಗೆ ಜಾಗ ಸಾಲದ್ದೆಲ್ಲ ಅಲ್ಲಿ ಸೇರಿತು: ನೀರಿನ ಮೋಟಾರು, ಕರೆಂಟಿನ ಮೀಟರು, ವಾಷಿಂಗ್ ಮಷಿನ್, ವುಝೂ ಮಾಡುವ ನಲ್ಲಿ, ಮೂಲೆಯಲ್ಲಿ ಗ್ಯಾಸ್ ಸಿಲಿಂಡರು. ನಿಮ್ಮ ಮನೆಯಲ್ಲೂ ಇಂಥದೊಂದು ಜಾಗ ಇದ್ದೀತು.

ಕಳೆದ ಮಳೆಗಾಲದಲ್ಲಿ ಗೋಡೆ ನೀರು ಹೀರಿತು. ಒಂದು ಫಜ್ರ್ ಹೊತ್ತು, ಒದ್ದೆ ಕೈಯಲ್ಲಿ ಮೋಟಾರಿನ ಸ್ವಿಚ್ ಮುಟ್ಟಿದ ಅತ್ತೆಗೆ ಝುಮ್ಮೆಂದಿತು. ಅಲ್‌ಹಮ್ದುಲಿಲ್ಲಾಹ್, ಅಷ್ಟಕ್ಕೇ ಮುಗಿಯಿತು.

ಗೌಂಡಿ ಬಂದು ಗೋಡೆ ಬಡಿದು ನೋಡಿದ. "ಅಕ್ಕೋರೇ, ತ್ಯಾಪಿ ಹಚ್ಚಿದ್ರ ಆಗಂಗಿಲ್ರಿ. ಕೆಡವಿ ಕಟ್ಟಬೇಕ್ರಿ" ಎಂದ.

ಕೆಡವುವುದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಹೊಸ ಗೋಡೆಯ ಬಗ್ಗೆ. ಮನೆಯವರಿಗೆ ಮೊದಲಿನಂತೆಯೇ ಪೂರ್ತಿ ಮುಚ್ಚಿದ ಗೋಡೆ ಬೇಕು. ನಾನು ನೆಲಮಟ್ಟದಲ್ಲಿ ಜಾಲರಿ ಬಿಡಬೇಕೆಂದೆ. "ಮೇಲೆ ಕಿಟಕಿ ಇದೆಯಲ್ಲ" ಎಂದರು. ನಮ್ಮಲ್ಲಿ ಅನೇಕರು ತಪ್ಪುವುದು ಇಲ್ಲೇ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ನೀರಿನಂತೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅಲ್ಲೇ ಮೋಟಾರಿನ ಸ್ವಿಚ್ ಒತ್ತಿದರೆ ಒಂದು ಕಿಡಿ ಸಾಕು. ವಾಸನೆ ಬಂದಾಗ ಲೈಟು ಹಾಕಿ ನೋಡುವುದೂ, ಫ್ಯಾನು ತಿರುಗಿಸುವುದೂ ಅಷ್ಟೇ ಅಪಾಯ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಮನೆಮಂದಿಯ ಸಮೇತ ಸುಟ್ಟುಹೋದ ಸುದ್ದಿ ಕೇಳಿ, ಬೆಂಕಿ ನಿಮ್ಮ ಶತ್ರು, ಮಲಗುವ ಮುನ್ನ ಅದನ್ನು ಆರಿಸಿರಿ ಎಂಬರ್ಥದಲ್ಲಿ ಪ್ರವಾದಿ(ಸ) ತಾಕೀತು ಮಾಡಿದ್ದು ಬುಖಾರಿಯಲ್ಲಿದೆ. ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೇನೆ. ನಮ್ಮ ದಾಲಾನಿನ ಸಿಲಿಂಡರು ಮಾತ್ರ ಒಮ್ಮೆಯೂ ನೆನಪಾಗಿರಲಿಲ್ಲ!

ಪರ್ದಾದ ಮಾತಿಗೆ ಉತ್ತರ ಹೊಳೆದದ್ದು ಕೋಟೆಯ ಜಾಮಿಯಾ ಮಸೀದಿಯಿಂದ. 1367ರ ಆ ಮಸೀದಿಗೆ ತೆರೆದ ಅಂಗಳವಿಲ್ಲ, ಎಲ್ಲವೂ ಗುಮ್ಮಟಗಳ ಅಡಿಯಲ್ಲಿದೆ. ಆದರೂ ಒಳಗೆ ಉಸಿರು ಕಟ್ಟುವುದಿಲ್ಲ, ಬದಿಯ ಕಮಾನುಗಳಿಂದ ಬೆಳಕೂ ಗಾಳಿಯೂ ಬರುತ್ತವೆ. ನಾವೂ ಆಳೆತ್ತರದವರೆಗಿನ ಗೋಡೆ ಮುಚ್ಚಿ, ನೆಲಕ್ಕೆ ತಾಗಿ ಒಂದು ಸಾಲು, ಪತ್ರಾದ ಕೆಳಗೆ ಒಂದು ಸಾಲು ಸಿಮೆಂಟಿನ ಜಾಲರಿ ಇಟ್ಟೆವು. ಬೀದಿಯವರ ಕಣ್ಣು ಒಳಗೆ ಬೀಳುವುದಿಲ್ಲ.

ಸಿಲಿಂಡರು ಕೆಳಗಿನ ಜಾಲರಿಯ ಪಕ್ಕದಲ್ಲಿದೆ, ನೆಟ್ಟಗೆ. ಮೋಟಾರೂ ಸ್ವಿಚ್ಚುಗಳೂ ಎದುರಿನ ಒಣಗೋಡೆಗೆ ಹೋದವು. ಮೀಟರಿಗೆ ಸೀಲು ಇರುತ್ತದೆ, ಅದನ್ನು ನಾವೇ ಕದಲಿಸುವಂತಿಲ್ಲ. ಜೆಸ್ಕಾಂಗೆ ಅರ್ಜಿ ಕೊಡಬೇಕು. ಹೊಸ ಅರ್ಥಿಂಗ್ ಜೊತೆಗೆ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ ಹಾಕಿಸಿದೆವು. ಮೈ ಮೂಲಕ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬೀಳುತ್ತದೆ. ಸಾಧಾರಣ ಎಂಸಿಬಿ ಆ ಕೆಲಸ ಮಾಡುವುದಿಲ್ಲ, ಎಲೆಕ್ಟ್ರಿಷಿಯನ್ ಹತ್ತಿರ ಬಿಡಿಸಿ ಕೇಳಿರಿ.

ಹಳೆಯ ಶಹಾಬಾದ್ ಫರಸಿಯನ್ನೇ ತೊಳೆದು, ಸ್ವಲ್ಪ ಇಳಿಜಾರಾಗಿ ಮತ್ತೆ ಹಾಸಿದೆವು. ಮೊದಲು ಅಡಿಪಾಯಕ್ಕೆ ಇಳಿಯುತ್ತಿದ್ದ ವುಝೂ ನೀರು ಈಗ ಕರಿಬೇವಿನ ಗಿಡಕ್ಕೆ ಹೋಗುತ್ತದೆ. ಇಶಾ ನಮಾಝಿನ ನಂತರ ರೆಗ್ಯುಲೇಟರ್ ಬಂದ್ ಮಾಡುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡಿದ್ದಾರೆ. ನಾನು ಮಾಡಿದ್ದೇನೆಂದರೂ ನಂಬದೆ ಎದ್ದು ಹೋಗಿ ನೋಡಿ ಬರುತ್ತಾರೆ.